ಟವೆಲ್ ಮರುಬಳಕೆಗೆ ಯಾವ ಚೀಟಿ? ಕೊಡಗಿನ ಹೋಂಸ್ಟೇಗಳಿಗೊಂದು ಹೋಲಿಕೆ

ಅತಿಥಿಗಳು ಅದೇ ಟವೆಲನ್ನು ಎರಡನೇ ದಿನವೂ ಬಳಸಲಿ ಎಂದು ಬಚ್ಚಲಲ್ಲಿ ಚೀಟಿ ಅಂಟಿಸುವವರಿಗೆ ಎರಡು ದಾರಿ: ‘ಪರಿಸರ ಉಳಿಸಿ’ ಎಂದು ಕೇಳುವುದು, ಇಲ್ಲವೇ ‘ಈ ಕೋಣೆಯಲ್ಲಿ ತಂಗಿದವರಲ್ಲಿ ಹೆಚ್ಚಿನವರು ಟವೆಲನ್ನು ಮತ್ತೆ ಬಳಸಿದ್ದಾರೆ’ ಎಂದು ತಿಳಿಸುವುದು.

ಮೊದಲನೆಯದನ್ನು ಎಲ್ಲರೂ ಒಪ್ಪುತ್ತಾರೆ, ಆದರೆ ಒಪ್ಪಿದವರೆಲ್ಲ ಪಾಲಿಸುವುದಿಲ್ಲ. ಎರಡನೆಯದು ತಮ್ಮಂಥವರೇ ಏನು ಮಾಡಿದರೆಂದು ತೋರಿಸುತ್ತದೆ. ಅಮೆರಿಕದ ಹೋಟೆಲೊಂದರಲ್ಲಿ ಗೋಲ್ಡ್‌ಸ್ಟೈನ್, ಚಾಲ್ಡಿನಿ, ಗ್ರಿಸ್ಕೆವಿಸಿಯಸ್ ನಡೆಸಿ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪರಿಸರದ ಚೀಟಿಗೆ ಶೇ 37, ಅದೇ ಕೋಣೆಯವರ ಚೀಟಿಗೆ ಶೇ 49ರಷ್ಟು ಮರುಬಳಕೆ ಕಂಡಿತು. ಮುಂದೆ ಜರ್ಮನಿಯಲ್ಲಿ ಇಂಥ ಅಂತರ ಸಿಗಲಿಲ್ಲ. ಹಾಗಾಗಿ ಇದು ಮಂತ್ರದಂಡವೇನಲ್ಲ.

ಆದರೂ ಎರಡನೆಯದೇ ಮೇಲು, ಮಾತು ನಿಜವಾಗಿದ್ದರೆ ಮಾತ್ರ. ಒಂದು ತಿಂಗಳು ಎಣಿಸಿ ನೋಡಿ, ಅರ್ಧಕ್ಕಿಂತ ಹೆಚ್ಚಿದ್ದರೆ ಬರೆಯಿರಿ. ‘ಬಹಳ ಮಂದಿ ನೀರು ಪೋಲು ಮಾಡುತ್ತಾರೆ’ ಎಂದಂತೂ ಬರೆಯಬೇಡಿ; ಪೋಲು ಮಾಡುವುದೇ ರೂಢಿ ಎಂಬ ಅರ್ಥ ಬರುತ್ತದೆ.

ಮಡಿಕೇರಿ ಕಡೆಯ ಜಡಿಮಳೆಯಲ್ಲಿ ಎರಡೂ ಸೋಲುತ್ತವೆ. ಕೊಕ್ಕೆಗೆ ಮುದ್ದೆಯಾಗಿ ಸಿಕ್ಕಿಸಿದ ಟವೆಲ್ ಬೆಳಿಗ್ಗೆಗೂ ಹಸಿ, ಮೇಲೆ ಮುಗ್ಗಲು ವಾಸನೆ. ಮನಸ್ಸಿದ್ದವರೂ ಹೊಸದು ಕೇಳುತ್ತಾರೆ. ಚೀಟಿಗೆ ಮೊದಲು ಬಚ್ಚಲಿನ ಹೊರಗೆ, ಫ್ಯಾನಿನ ಗಾಳಿ ತಾಗುವಲ್ಲಿ, ತಲೆಗೊಂದರಂತೆ ಟವೆಲಿನಷ್ಟೇ ಅಗಲದ ಸರಳು ಹಾಕಿಸಿ.