ಶಿಕ್ಷಕರಿಗೆ ಕಾರ್ಯಾಗಾರವೋ, ತರಗತಿಯಲ್ಲೇ ಕೋಚಿಂಗೋ?

ಸರ್ಕಾರಿ ಶಾಲೆಗಳ ತರಬೇತಿ ಹಣ ನಿಮ್ಮ ಕೈಲಿದ್ದರೆ ಮುಖ್ಯವಾಗಿ ಎರಡು ದಾರಿ. ಶಿಕ್ಷಕರನ್ನೆಲ್ಲ ಒಂದು ಹಾಲ್‌ಗೆ ಕರೆದು ಕಾರ್ಯಾಗಾರ ಮಾಡಬಹುದು. ಇಲ್ಲವೇ ಅನುಭವಿ ಕೋಚ್ ಒಬ್ಬರು ತರಗತಿಗೇ ಬಂದು ಪಾಠ ನೋಡಿ, ಆಮೇಲೆ ಕೂತು ಮಾತಾಡಬಹುದು.

ಕಾರ್ಯಾಗಾರ ಅಗ್ಗ, ಬೇಗ ಮುಗಿಯುತ್ತದೆ. ಹೊಸ ಪಠ್ಯಪುಸ್ತಕ, ಪರೀಕ್ಷೆಯ ನಿಯಮ ತಿಳಿಸಲು ಇಷ್ಟು ಸಾಕು. ಕಲಿಸುವ ರೀತಿಯೇ ಬದಲಾಗಬೇಕು ಅಂದರೆ ಸಾಲದು. ಹಾಲ್‌ನಲ್ಲಿ ತಲೆಯಾಡಿಸಿದ್ದು ಮಕ್ಕಳ ಮುಂದೆ ನಿಂತಾಗ ನೆನಪಾಗಬೇಕಲ್ವಾ?

ಕೋಚಿಂಗ್‌ನ ಬಲ ಇರುವುದು ಅಲ್ಲೇ. ಪ್ರಶ್ನೆ ಕೇಳಿ ಎಷ್ಟು ಹೊತ್ತು ಕಾದಿರಿ, ಹಿಂದಿನ ಬೆಂಚಿನವರು ಬಾಯಿ ಬಿಟ್ಟರಾ, ಇಂಥ ಸಣ್ಣ ಸಂಗತಿಗಳ ಮೇಲೆ ಮಾತು ನಡೆಯುತ್ತದೆ. ಕೆಲವು ದಿನ ಬಿಟ್ಟು ಮತ್ತೆ ನೋಡುತ್ತಾರೆ. ಅಮೆರಿಕದ ಶಿಕ್ಷಣ ಸಂಶೋಧಕ ಮ್ಯಾಥ್ಯೂ ಕ್ರಾಫ್ಟ್ ಮತ್ತು ಸಂಗಡಿಗರು 2018ರಲ್ಲಿ ಇಂಥ ಕೋಚಿಂಗ್ ಬಗೆಗಿನ 60 ಅಧ್ಯಯನಗಳನ್ನು ಒಟ್ಟಿಗೆ ನೋಡಿದರು. ಪಾಠದ ಗುಣಮಟ್ಟ 0.49 ಮಾನಕ ವಿಚಲನೆಯಷ್ಟು (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ ಇದು) ಏರಿತ್ತು, ಮಕ್ಕಳ ಕಲಿಕೆ 0.18ರಷ್ಟು. ಕಾರ್ಯಕ್ರಮ ದೊಡ್ಡದಾದಾಗ ಫಲ ಕುಗ್ಗಿತ್ತು. ಒಳ್ಳೆಯ ಕೋಚ್‌ಗಳು ಜಾಸ್ತಿ ಜನ ಸಿಗುವುದಿಲ್ಲ ನೋಡಿ.

ಕೋಚ್ ಮೇಲಧಿಕಾರಿಗೆ ವರದಿ ಒಪ್ಪಿಸುವಂತಿದ್ದರೆ ಬೇಡವೇ ಬೇಡ. ಶಿಕ್ಷಕರು ಸುಮ್ನೆ ಒಂದು ಚೆಂದದ ಪಾಠ ತೋರಿಸಿ ಕಳಿಸುತ್ತಾರೆ. ಹಣ ಕಡಿಮೆ ಇದ್ದರೂ ನಾನು ಕೋಚಿಂಗನ್ನೇ ಆರಿಸುತ್ತೇನೆ, ಆದರೆ ಕೆಲವೇ ಶಾಲೆಗಳಲ್ಲಿ, ಒಂದೇ ವಿಷಯಕ್ಕೆ.