ಒಂಬತ್ತು ಸಾವಿರದ ಪ್ಲಾಸ್ಟಿಕ್ ಕ್ಲಾರಿನೆಟ್: ಮದುವೆಗೆ ಸೈ, ಕನ್ಸರ್ಟೊಗೆ?

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಮೂರು ಸ್ಟಾರ್. ಆದರೂ ವಾಪಸ್ ಕಳಿಸಲಿಲ್ಲ.

ತುಮಕೂರಿನ ಒಂದು ಬ್ಯಾಂಡ್ ಸೆಟ್‌ನಲ್ಲಿ ಹತ್ತು ವರ್ಷ ಕ್ಲಾರಿನೆಟ್ ಊದಿದವನು ನಾನು. ಮದುವೆ, ಜಾತ್ರೆ, ಗಣೇಶನ ಮೆರವಣಿಗೆ ಎಲ್ಲಾ ಆಗಿದೆ. ಏಪ್ರಿಲ್ ಬಿಸಿಲಲ್ಲಿ ಛತ್ರದ ಮುಂದೆ ವ್ಯಾನಿನೊಳಗೆ ವಾದ್ಯ ಬಿಟ್ಟು ಊಟಕ್ಕೆ ಕೂತೆ, ಬಂದು ನೋಡಿದರೆ ಹಳೇ ಮರದ ಕ್ಲಾರಿನೆಟ್ಟಿನ ಮೇಲಿನ ತುಂಡು ಬಿರುಕು ಬಿಟ್ಟಿತ್ತು. ತಪ್ಪು ನನ್ನದೇ. ಅದಕ್ಕೇ ಈ ಸಲ ಆನ್‌ಲೈನ್‌ನಲ್ಲಿ ಎಬಿಎಸ್ ಪ್ಲಾಸ್ಟಿಕ್ಕಿನದು ತರಿಸಿದೆ. ಬಿ ಫ್ಲಾಟ್, 17 ಕೀ. ಇದು ಬಿಸಿಲಿಗೆ ಬಿರಿಯುವುದಿಲ್ಲ, ಅಷ್ಟು ನೆಮ್ಮದಿ.

ಆದರೆ ಮನೆಯಲ್ಲಿ ಊದಬೇಕು ಅಂದುಕೊಂಡಿದ್ದು ಬೇರೆ. ಅಮೆರಿಕದ ಫ್ರಾಂಕ್ ಟಿಕೆಲಿ 2010ರಲ್ಲಿ ಬರೆದ ಕ್ಲಾರಿನೆಟ್ ಕನ್ಸರ್ಟೊ ಇದೆ, ಅಂದರೆ ಒಬ್ಬ ಮುಂದೆ ನಿಂತು ಊದುತ್ತಾನೆ, ಹಿಂದೆ ಇಡೀ ಗುಂಪು ಜೊತೆ ಕೊಡುತ್ತದೆ. ಮೂರು ಭಾಗ; ಅಲ್ಲಿಯವರೇ ಆದ ಹಿಂದಿನ ಸಂಗೀತ ರಚನೆಕಾರರು ಗರ್ಶ್ವಿನ್, ಕೋಪ್ಲೆಂಡ್, ಬರ್ನ್‌ಸ್ಟೈನ್ ಮೂವರಿಗೆ ಒಂದೊಂದು ನಮಸ್ಕಾರ. ಮೊದಲು ಆರ್ಕೆಸ್ಟ್ರಾಕ್ಕೆ ಬರೆದದ್ದು, ವಿಂಡ್ ಎನ್‌ಸೆಂಬಲ್ ರೂಪವೂ ಇದೆ. ನನಗೆ ಹಿಡಿಸಿದ್ದು ಈ ಎರಡನೆಯದು. ಹಿಂದೆ ಪಿಟೀಲುಗಳ ಸಾಲಿಲ್ಲ. ಟ್ರಂಪೆಟ್, ಟ್ರಾಂಬೋನ್, ಸ್ಯಾಕ್ಸ್, ಯೂಫೋನಿಯಂ, ಡ್ರಮ್ಮು. ನಮ್ಮ ಬ್ಯಾಂಡ್ ಸೆಟ್ ಸ್ನಾನ ಮಾಡಿ ಇಸ್ತ್ರಿ ಬಟ್ಟೆ ಹಾಕಿಕೊಂಡು ಕುರ್ಚಿ ಮೇಲೆ ಕೂತ ಹಾಗೆ! ಜೊತೆಗೆ ಹಿಂದೆಯೇ ಒಂದು ಸಾಲು ಕ್ಲಾರಿನೆಟ್‌ಗಳಿರುತ್ತವೆ, ಮುಂದೆ ನಿಂತವನ ದನಿ ಅದರಲ್ಲಿ ಕರಗಿಹೋಗಬಾರದು. ಕಷ್ಟ ಅಲ್ವಾ?

ಸರಿ, ವಾದ್ಯಕ್ಕೆ ಬರೋಣ. ಜಾರು ಚೆನ್ನಾಗಿ ಬರುತ್ತದೆ. ಗರ್ಶ್ವಿನ್ ಅವರ 1924ರ ರ್‍ಯಾಪ್ಸಡಿ ಇನ್ ಬ್ಲೂ ಶುರುವಾಗುವುದೇ ಕ್ಲಾರಿನೆಟ್ಟಿನ ಉದ್ದನೆಯ ಜಾರಿನಿಂದ, ಅವರು ಅದನ್ನು ಗ್ಲಿಸಾಂಡೊ ಅನ್ನುತ್ತಾರೆ. ಈ ಪ್ಲಾಸ್ಟಿಕ್ಕಿನ ರಿಂಗ್ ತೂತುಗಳ ಮೇಲೆ ಬೆರಳು ಮೆಲ್ಲಗೆ ಸರಿಸಿದರೆ ಅದು ಸಿಕ್ಕಿಬಿಡುತ್ತದೆ. ಮದುವೆಯಲ್ಲಿ ಮೋಹನ ರಾಗ ಊದುವಾಗ ಮಾಡುವುದೂ ಅದನ್ನೇ ತಾನೇ.

ಪೇಚಿಗೆ ಸಿಕ್ಕಿಬಿದ್ದದ್ದು ಟಿಕೆಲಿ ಕನ್ಸರ್ಟೊದ ಎರಡನೇ ಭಾಗದಲ್ಲಿ. ನಿಧಾನದ ಹಾಡು ಅದು, ಹಿಂದಿನವರು ದನಿ ತಗ್ಗಿಸುತ್ತಾರೆ, ನಿನ್ನ ಉಸಿರು ಕೂಡ ಕೇಳುತ್ತದೆ. ಕೊಳಲಿನಲ್ಲಿ ಜೋರಾಗಿ ಊದಿದರೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ಬರುತ್ತದೆ, ಕ್ಲಾರಿನೆಟ್ ಹಾಗಲ್ಲ. ಸ ಹಿಡಿದು ಹೆಬ್ಬೆರಳಿನ ಕೀ ಒತ್ತಿದರೆ ಬರುವುದು ಮೇಲಿನ ಸ್ಥಾಯಿಯ ಪ. ಹಾಗಾಗಿ ನಡುವೆ ಒಂದು ಕಡೆ, ಹೆಚ್ಚುಕಡಿಮೆ ಖಾಲಿ ಬೆರಳುಗಳಿಂದ ಎಲ್ಲಾ ಬೆರಳು ಮುಚ್ಚುವುದಕ್ಕೆ ಒಂದೇ ಸಲ ಹಾರಬೇಕು. ಅಲ್ಲಿ ತೂತು ಮುಚ್ಚುವ ಮೆತ್ತೆ, ಅಂದರೆ ಪ್ಯಾಡ್, ಒಂದು ಸೋರಿದರೂ ಕೀಂಯ್! ನನ್ನದರಲ್ಲಿ ಎರಡು ಸೋರುತ್ತಿದ್ದವು. ಪ್ಯಾಡಿನ ಕೆಳಗೆ ಸಿಗರೇಟ್ ಪೇಪರ್ ಇಟ್ಟು ಎಳೆದರೆ ಗೊತ್ತಾಗುತ್ತದೆ, ಸುಮ್ನೆ ಜಾರಿ ಬಂದರೆ ಅಲ್ಲಿ ಗಾಳಿ ಹೋಗುತ್ತಿದೆ ಅಂತ. ತಮಟೆ ಸದ್ದಿನ ನಡುವೆ ಇದು ಯಾರಿಗೂ ಕೇಳಿಸುವುದಿಲ್ಲ, ಅದಕ್ಕೇ ಇಷ್ಟು ವರ್ಷ ನಾನೂ ಪ್ಯಾಡಿನ ಬಗ್ಗೆ ತಲೆ ಕೆಡಿಸಿಕೊಂಡಿರಲಿಲ್ಲ.

ಮಾರಿದವರಿಗೆ ಬರೆದೆ. "ಪ್ರಾಡಕ್ಟ್ ಓಕೆ ಇದೆ ಸರ್" ಅಂತ ಉತ್ತರ ಬಂತು. ಕೊನೆಗೆ ಎರಡೂ ಪ್ಯಾಡ್ ನಾನೇ ಬದಲಿಸಿದೆ.

ಜೊತೆಗೆ ಬಂದ ಮೌತ್‌ಪೀಸ್ ಪಕ್ಕಕ್ಕೆ ಇಡಿ, ಬೇರೆ ಕೊಳ್ಳಿ. ಎರಡೂವರೆ ನಂಬರ್ ರೀಡ್ (ಊದಿದಾಗ ಅದುರುವ ತೆಳು ಪಟ್ಟಿ) ಹಾಕಿ. ನನ್ನ ಹಳೇ ಮೌತ್‌ಪೀಸ್ ಸಿಕ್ಕಿಸಿದ ದಿನ ಇದು ಬೇರೆಯದೇ ವಾದ್ಯ ಆಯಿತು. ಗಂಟಲಿನ ಬಿ ಫ್ಲಾಟ್, ಅಂದರೆ ಕೆಳಗಿನ ಸ್ವರಗಳ ಸಾಲು ಮುಗಿಯುವಲ್ಲಿ ಬರುವ ಸ್ವರ, ಮಾತ್ರ ಇನ್ನೂ ನೆಗಡಿ ಬಂದವರ ಹಾಗೆ ಇದೆ. ಆ ಸ್ವರ ಒಳ್ಳೆ ಕ್ಲಾರಿನೆಟ್ಟಿನಲ್ಲೂ ಸಪ್ಪೆಯೇ, ಇದರಲ್ಲಿ ಸ್ವಲ್ಪ ಜಾಸ್ತಿ. ಮೇಲಿನ ಸ್ವರಗಳು ಶ್ರುತಿ ಏರುತ್ತವೆ, ಮೌತ್‌ಪೀಸಿನ ಕೆಳಗಿನ ಗಿಡ್ಡ ತುಂಡು, ಬ್ಯಾರೆಲ್, ಚೂರು ಹೊರಗೆ ಎಳೆದರೆ ಪರವಾಗಿಲ್ಲ. ಕೇಸು ಚೆನ್ನಾಗಿದೆ.

ಮೂರನೇ ಭಾಗದ ವೇಗಕ್ಕೆ ಈ ಸ್ಪ್ರಿಂಗುಗಳು ತಡೆಯುತ್ತವಾ ಅಂತ ಇನ್ನೂ ನೋಡಿಲ್ಲ. ರಾತ್ರಿ ಎಂಟರ ಮೇಲೆ ಊದಬೇಡಿ ಅಂದಿದ್ದಾರೆ ಕೆಳಗಿನ ಮನೆಯವರು. ಭಾನುವಾರ ನೋಡಬೇಕು.