ಹನಿಮೂನ್‌ಗೆ ವಿಯೆನ್ನಾನಾ, ಬುಡಾಪೆಸ್ಟಾ?

ಎರಡೂ ಡ್ಯಾನ್ಯೂಬ್ ನದಿಯ ದಡದ ರಾಜಧಾನಿಗಳು, ವಿಯೆನ್ನಾ ಆಸ್ಟ್ರಿಯಾದ್ದು, ಬುಡಾಪೆಸ್ಟ್ ಹಂಗೇರಿಯದ್ದು. ನಡುವೆ ರೈಲಿನಲ್ಲಿ ಎರಡೂವರೆ ಗಂಟೆ ಚಿಲ್ಲರೆ, ಎರಡಕ್ಕೂ ಒಂದೇ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ವೀಸಾ) ಸಾಕು. ಹಾಗಾಗಿ ಯಾವುದನ್ನೂ ಬಿಡಬೇಕಿಲ್ಲ. ಯಾವ ಊರಿಗೆ ಹೆಚ್ಚು ರಾತ್ರಿ ಅನ್ನೋದಷ್ಟೇ ಪ್ರಶ್ನೆ.

ವಿಯೆನ್ನಾ ಅಚ್ಚುಕಟ್ಟು. ಷೋನ್‌ಬ್ರುನ್ ಅರಮನೆ, ಪ್ರಾಟರ್ ಪಾರ್ಕಿನಲ್ಲಿ 1897ರ ಜಯಂಟ್ ವ್ಹೀಲ್, ಒಪೇರಾಕ್ಕೆ ನಿಂತು ನೋಡುವ ಅಗ್ಗದ ಟಿಕೆಟ್. ಹಳೇ ಕಾಫಿ ಹೌಸಿನಲ್ಲಿ ಒಂದು ಮೆಲಾಂಜ್ (ಹಾಲಿನ ನೊರೆಯ ಕಾಫಿ) ಹೇಳಿದರೆ ಪುಟ್ಟ ತಟ್ಟೆಯಲ್ಲಿ ಜೊತೆಗೊಂದು ಲೋಟ ನೀರೂ ಬರುತ್ತದೆ. ಆಮೇಲೆ ಗಂಟೆಗಟ್ಟಲೆ ಹರಟೆ ಹೊಡೆಯಿರಿ, ಯಾರೂ ಎಬ್ಬಿಸುವುದಿಲ್ಲ. ಹೋಟೆಲ್ ಬಾಡಿಗೆ ಮಾತ್ರ ಕೈ ಸುಡುತ್ತದೆ. ಭಾನುವಾರ ಹೆಚ್ಚಿನ ಅಂಗಡಿಗಳಿಗೆ ಬೀಗ. ಶಾಪಿಂಗ್ ಆಸೆಯಿದ್ದರೆ ನೆನಪಿರಲಿ.

ಬುಡಾಪೆಸ್ಟ್‌ನ ಸೊಗಸೆಲ್ಲ ಕತ್ತಲಾದ ಮೇಲೆ. ನದಿಯ ಒಂದು ದಡದಲ್ಲಿ ಬುಡಾ ಕೋಟೆ, ಇನ್ನೊಂದರಲ್ಲಿ ಪೆಸ್ಟ್‌ನ ಪಾರ್ಲಿಮೆಂಟ್. ಎರಡಕ್ಕೂ ದೀಪ ಹತ್ತಿದಾಗ 1849ರ ಚೈನ್ ಬ್ರಿಡ್ಜ್ ಮೇಲೆ ನಡೆಯಲು ದುಡ್ಡೇನೂ ಕೊಡಬೇಕಿಲ್ಲ. ಹಗಲಿಗೆ ಸೆಚೇನಿ ಸ್ನಾನಗೃಹ ಇದೆ, 1913ರದ್ದು. ಹಳದಿ ಕಟ್ಟಡದ ನಡುವೆ ಬಯಲಲ್ಲೇ ಬಿಸಿನೀರ ಕೊಳ, ಚಳಿಗಾಲದಲ್ಲೂ ಹಬೆಯಾಡುತ್ತದೆ, ಎದೆಮಟ್ಟ ನೀರಲ್ಲಿ ನಿಂತು ಚೆಸ್ ಆಡುವ ಅಜ್ಜಂದಿರು ಬೇರೆ! ಇಲ್ಲಿ ಯೂರೋ ಅಲ್ಲ, ಫೋರಿಂಟ್; ಊಟ, ವಸತಿ ಸಾಮಾನ್ಯವಾಗಿ ಕಡಿಮೆಗೇ ಸಿಗುತ್ತದೆ. ಸಸ್ಯಾಹಾರಿಗಳಿಗೆ ಲಾಂಗೋಷ್ ಇದೆ: ಎಣ್ಣೆಯಲ್ಲಿ ಕರಿದ ರೊಟ್ಟಿಗೆ ಬೆಳ್ಳುಳ್ಳಿ, ಹುಳಿ ಕೆನೆ, ಚೀಸ್.

ನನ್ನ ಓಟು ಬುಡಾಪೆಸ್ಟ್‌ಗೆ ನಾಲ್ಕು ರಾತ್ರಿ, ವಿಯೆನ್ನಾಗೆ ಎರಡು. ಸಂಗೀತದ ಹುಚ್ಚಿದ್ದರೆ ಉಲ್ಟಾ ಮಾಡಿ. ಆದರೆ ಹೆಚ್ಚು ದಿನ ಇರುವ ದೇಶಕ್ಕೇ ವೀಸಾ ಅರ್ಜಿ ಹಾಕಬೇಕು, ಅದಕ್ಕೇ ಈ ಲೆಕ್ಕ ಮೊದಲೇ ಮುಗಿಸಿಕೊಳ್ಳಿ.